ಕೂಗಿಗೆ ಬಿಟ್ಟ ಬಾಣ

ಮನುಷ್ಯರನ್ನೇ ಕಾಡಿಗೆ ಬಿಟ್ಟು ಮೋಜಿಗಾಗಿ ಬೇಟೆಯಾಡುವ ಕಥೆ ಎಂದ ಕೂಡಲೇ ಎಲ್ಲರೂ ಹೇಳುವುದು ರಿಚರ್ಡ್ ಕಾನೆಲ್‌ನ ಹೆಸರನ್ನು. 1924ರಲ್ಲಿ ಅಮೆರಿಕದ ‘ಕೋಲಿಯರ್ಸ್’ ಪತ್ರಿಕೆಯಲ್ಲಿ ಅಚ್ಚಾದ ಅವನ ‘ದಿ ಮೋಸ್ಟ್ ಡೇಂಜರಸ್ ಗೇಮ್’ 1932ರಲ್ಲಿ ಸಿನಿಮಾ ಆಯಿತು. ಆಮೇಲೆ ಬಂದ ‘ಪ್ರಿಡೇಟರ್’ನಿಂದ ಹಿಡಿದು ಮೊನ್ನೆ ಮೊನ್ನೆಯ ‘ಸ್ಕ್ವಿಡ್ ಗೇಮ್’ವರೆಗೆ ಎಷ್ಟೋ ಕಥೆಗಳಲ್ಲಿ ಅದರ ನೆರಳು ಕಾಣುತ್ತದೆ. ಕನ್ನಡದಲ್ಲಿ ಇಂಥದ್ದು ಯಾಕಿಲ್ಲ ಎಂದು ಕೇಳುವವರೂ ಇದ್ದಾರೆ. ಇದೆ. ಹೊಯ್ಸಳ ವೀರಬಲ್ಲಾಳನ ಕವಿ ಜನ್ನ 1209ರಲ್ಲಿ ಬರೆದು ಮುಗಿಸಿದ ‘ಯಶೋಧರ ಚರಿತೆ’ಯೇ ಆ ಕಥೆ. ನಾವು ಅದನ್ನು ಬೇಟೆಯ ಕಥೆಯಾಗಿ ಓದಿಲ್ಲ, ಅಷ್ಟೆ.

ಅಳದಂಗಡಿಯವರಿಗಂತೂ ಇದು ದೂರದ ಪುಸ್ತಕ ಅಲ್ಲ. ಇಲ್ಲಿ ಅಜಿಲರ ಅರಮನೆ ಇದೆ. ಅದೇ ಮನೆತನದ ತಿಮ್ಮಣ್ಣ ಅಜಿಲ 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಒಂದು ಕಡೆ ಮೂಡುಬಿದಿರೆಯ ಬಸದಿಗಳು, ಇನ್ನೊಂದು ಕಡೆ ಕಾರ್ಕಳ. ಅಹಿಂಸೆಯೇ ಪರಮಧರ್ಮ ಎನ್ನುವವರ ಸೀಮೆ. ಕೆಡ್ಡಸದ ಹಬ್ಬಕ್ಕೆ ಬೋಂಟೆಗೆ, ಅಂದರೆ ಬೇಟೆಗೆ, ಹೊರಡುತ್ತಿದ್ದದ್ದೂ ಇದೇ ಸೀಮೆಯಲ್ಲಿ, ಕೋರಿಕಟ್ಟ ಎಂಬ ಕೋಳಿ ಅಂಕ ನಡೆಯುವುದೂ ಇಲ್ಲೇ. ಹುಂಜದ ಬಣ್ಣ ನೋಡಿ, ಇದು ಬೊಳ್ಳೆ, ಇದು ಮೈರೆ, ಇವತ್ತು ಯಾವುದಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗವನ್ನೇ ಮಾಡಿಟ್ಟುಕೊಂಡ ಜನ ನಾವು. ಜನ್ನನ ಕಥೆ ತಿರುಗುವುದೂ ಹುಂಜದ ಸುತ್ತಲೇ.

ಕಥೆ ಗೊತ್ತಿರುವಂಥದ್ದೇ. ರಾಣಿ ಅಮೃತಮತಿ ವಿಕಾರರೂಪಿನ ಮಾವುತನ ಹಾಡಿಗೆ ಮರುಳಾಗುತ್ತಾಳೆ. ಅದನ್ನು ಕಣ್ಣಾರೆ ಕಂಡ ಯಶೋಧರ ಕೆಟ್ಟ ಕನಸು ಬಿತ್ತೆಂದು ತಾಯಿ ಚಂದ್ರಮತಿಗೆ ಸುಳ್ಳು ಹೇಳುತ್ತಾನೆ. ದೋಷ ಕಳೆಯಲು ಬಲಿ ಕೊಡು ಎಂದು ತಾಯಿ ಹಟ ಹಿಡಿದಾಗ ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ. ಆಮೇಲೆ ತಾಯಿ ಮಗ ಇಬ್ಬರೂ ಅಮೃತಮತಿ ಇಟ್ಟ ವಿಷಕ್ಕೆ ಸಾಯುತ್ತಾರೆ. ನಮ್ಮ ವಿಮರ್ಶೆ ಸಾಮಾನ್ಯವಾಗಿ ಇಲ್ಲಿಗೆ ಪುಸ್ತಕ ಮುಚ್ಚುತ್ತದೆ. ಅಮೃತಮತಿಯ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆದವರು ಉಳಿದ ಭವಾವಳಿಯನ್ನು ಜೈನರ ಕರ್ಮಸಿದ್ಧಾಂತದ ಪಾಠವೆಂದು ಪಕ್ಕಕ್ಕಿಟ್ಟರು. ಗಿರೀಶ ಕಾರ್ನಾಡರೂ 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಜ, ರಾಣಿ, ತಾಯಿ, ಮಾವುತ ಈ ನಾಲ್ವರನ್ನು ಇಟ್ಟುಕೊಂಡು ಜನ್ಮಾಂತರಗಳನ್ನು ಬಿಟ್ಟರು. ನಾಟಕಕ್ಕೆ ಅದು ಸರಿಯೇ ಇರಬಹುದು. ಆದರೆ ಬಿಟ್ಟದ್ದು ಸಣ್ಣದಲ್ಲ.

ಸತ್ತ ಮೇಲೆ ಏನಾಗುತ್ತದೆ ನೋಡಿ. ಯಶೋಧರ ನವಿಲಾಗುತ್ತಾನೆ, ತಾಯಿ ನಾಯಿಯಾಗುತ್ತಾಳೆ. ಇಬ್ಬರೂ ಬಂದು ಸೇರುವುದು ತಮ್ಮದೇ ಅರಮನೆಗೆ, ಈಗ ಅರಸನಾಗಿರುವ ಮಗ ಯಶೋಮತಿಯ ಬಳಿಗೆ. ಆಮೇಲೆ ಮುಳ್ಳುಹಂದಿ, ಹಾವು, ಮೀನು, ಮೊಸಳೆ, ಆಡು, ಕೋಣ. ಪ್ರತಿ ಸಲವೂ ಬೆನ್ನಟ್ಟುವವರು, ಹಿಡಿಯುವವರು, ಕೊಯ್ಯುವವರು ಇದ್ದೇ ಇರುತ್ತಾರೆ. ತಂದೆಯ ಶ್ರಾದ್ಧಕ್ಕೆಂದು ಮಗ ಮೀನು ಬೇಯಿಸುತ್ತಾನೆ. ಆ ಮೀನೇ ತಂದೆ. ಈ ಕ್ರೂರ ಹಾಸ್ಯವನ್ನು ಜನ್ನ ಹೆಚ್ಚು ಹಿಗ್ಗಿಸದೆ, ಕಂದಪದ್ಯದ ನಾಲ್ಕು ಸಾಲುಗಳ ಮಿತಿಯಲ್ಲೇ ಹೇಳಿ ಮುಂದೆ ಹೋಗುತ್ತಾನೆ.

ಕೊನೆಗೆ ಇಬ್ಬರೂ ಕೋಳಿಗಳಾಗಿ ಹುಟ್ಟಿ ಅರಮನೆಯ ತಳವಾರನ ಕೈಯಲ್ಲಿ ಬೆಳೆಯುತ್ತಾರೆ. ವಸಂತಕಾಲ. ರಾಣಿ ಕುಸುಮಾವಳಿಯೊಡನೆ ಯಶೋಮತಿ ವನದ ಬಿಡಾರದಲ್ಲಿದ್ದಾನೆ. ಅಲ್ಲಿಂದ ತುಸು ದೂರದಲ್ಲಿ ಮುನಿಯೊಬ್ಬ ತಳವಾರನಿಗೆ ಧರ್ಮ ಹೇಳುತ್ತಾ, ಪಕ್ಕದಲ್ಲಿದ್ದ ಈ ಕೋಳಿಗಳ ಹಿಂದಿನ ಜನ್ಮಗಳನ್ನೂ ಹೇಳುತ್ತಾನೆ. ಕೋಳಿಗಳಿಗೆ ಎಲ್ಲ ನೆನಪಾಗುತ್ತದೆ. ತಾವು ಯಾರು, ಏನು ಮಾಡಿದೆವು, ಎಲ್ಲೆಲ್ಲಿ ಸತ್ತೆವು ಎಂಬುದು ತಿಳಿದ ಸಂತೋಷಕ್ಕೆ ಅವು ಕೂಗುತ್ತವೆ. ಅರಸ ಆ ಕೂಗು ಕೇಳುತ್ತಾನೆ. ಶಬ್ದವೇಧಿಯಲ್ಲಿ ತನ್ನ ಕೈಚಳಕ ಎಂಥದ್ದೆಂದು ರಾಣಿಗೆ ತೋರಿಸಬೇಕು. ಬಾಣ ಬಿಡುತ್ತಾನೆ. ಎರಡೂ ಸಾಯುತ್ತವೆ.

ಹಸಿವಿಗಾಗಿ ಕೊಂದದ್ದಲ್ಲ, ಹೆದರಿ ಕೊಂದದ್ದಲ್ಲ, ದೇವರಿಗೂ ಅಲ್ಲ. ಹೆಂಡತಿಯ ಎದುರು ಒಂದು ಆಟ. ಅವನು ಗುರಿ ಹಿಡಿದದ್ದು ಆ ಕೂಗಿಗೆ. ಪ್ರಾಣಿಗೆ ತಿಳಿವು ಬಂತು ಎನ್ನುವುದಕ್ಕೆ ಇದ್ದ ಒಂದೇ ಗುರುತು ಆ ಕೂಗು. ಬೇಟೆಗಾರನಿಗೆ ಬೇಕಾದದ್ದೂ ಅದೊಂದೇ. ಬುದ್ಧಿಯುಳ್ಳ ಜೀವಿಯನ್ನು ಮೋಜಿಗೆ ಕೊಲ್ಲುವುದರ ಬಗ್ಗೆ ಇದಕ್ಕಿಂತ ಬಿಗಿಯಾದ ಸನ್ನಿವೇಶವನ್ನು ನಾನು ಯಾವ ಭಾಷೆಯಲ್ಲೂ ಓದಿಲ್ಲ.

ಇದರ ಪಕ್ಕಕ್ಕೆ ಕಾನೆಲ್‌ನ ಕಥೆಯನ್ನು ಇಡೋಣ. ದ್ವೀಪದ ಒಡೆಯ ಜನರಲ್ ಜರಾಫ್‌ಗೆ ಹುಲಿ, ಕಾಟಿ ಎಲ್ಲ ಸಪ್ಪೆಯಾಗಿವೆ. ಅವಕ್ಕೆ ಯೋಚನೆ ಮಾಡಲು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಹಾಗಾಗಿ ಮನುಷ್ಯನೇ ಒಳ್ಳೆಯ ಶಿಕಾರಿ ಎಂಬುದು ಅವನ ಲೆಕ್ಕ. ಹಡಗಿನಿಂದ ಬಿದ್ದು ದಡ ಸೇರಿದ ಬೇಟೆಗಾರ ರೇನ್ಸ್‌ಫರ್ಡ್‌ನನ್ನು ಅವನು ಕಾಡಿಗೆ ಅಟ್ಟುತ್ತಾನೆ. ರೇನ್ಸ್‌ಫರ್ಡ್ ಗುಂಡಿ ತೋಡುತ್ತಾನೆ, ಬಲೆ ಹೂಡುತ್ತಾನೆ, ಕೊನೆಗೆ ಜರಾಫ್‌ನ ಕೋಣೆಯಲ್ಲೇ ಅವನನ್ನು ಮುಗಿಸಿ ಅವನ ಹಾಸಿಗೆಯಲ್ಲಿ ಸುಖವಾಗಿ ಮಲಗುತ್ತಾನೆ. ಕಟ್ಟಿದ ಕೈ ಚುರುಕಾದದ್ದು, ಅನುಮಾನವಿಲ್ಲ. ಆದರೆ ಕಥೆ ಬೇಟೆಯನ್ನು ಪ್ರಶ್ನಿಸುತ್ತದೆಯೇ? ಇಲ್ಲ. ಮೃಗಕ್ಕೆ ಭಯ ಗೊತ್ತಿರುತ್ತದೆಯೇ ಎಂದು ಶುರುವಿನಲ್ಲಿ ಹಡಗಿನ ಮೇಲೆ ಎದ್ದ ಮಾತು ಕೊನೆಗೆ ಯಾರಿಗೂ ಬೇಡವಾಗುತ್ತದೆ. ಓದುವವರೂ ಜರಾಫ್‌ನ ಹಾಗೆ ಪಂದ್ಯವನ್ನೇ ಸವಿಯುತ್ತಾರೆ. ‘ಪ್ರಿಡೇಟರ್’ನ ಅನ್ಯಗ್ರಹದ ಬೇಟೆಗಾರನಿಗಂತೂ ನಿಯಮವೇ ಇದೆ, ಆಯುಧವಿಲ್ಲದವರನ್ನು ಕೊಲ್ಲುವುದಿಲ್ಲ. ಎದುರು ನಿಂತು ಹೊಡೆದಾಡಬಲ್ಲವನಿಗೆ ಮಾತ್ರ ಬೆಲೆ ಎಂಬ ಈ ಅಳತೆ ಮಾಡಿಕೊಂಡವನು ಬೇಟೆಗಾರನೇ.

ನಮ್ಮ ಪುರಾಣಗಳೂ ಇದರಿಂದ ಪೂರ್ತಿ ಪಾರಾಗಿಲ್ಲ. ಜಿಂಕೆಯ ರೂಪದಲ್ಲಿ ಹೆಂಡತಿಯೊಡನೆ ಇದ್ದ ಕಿಂದಮ ಋಷಿಯನ್ನು ಪಾಂಡು ಹೊಡೆದ. ಬಿದ್ದ ಜಿಂಕೆ ಮನುಷ್ಯರ ಮಾತಿನಲ್ಲಿ ವಾದಿಸುತ್ತದೆ. ಏನೆಂದು? ಕೊಂದದ್ದಕ್ಕೆ ನಿನ್ನನ್ನು ದೂರುವುದಿಲ್ಲ, ಕೂಡುವ ಹೊತ್ತಿನಲ್ಲಿ ಕೊಂದೆಯಲ್ಲ, ಅದು ತಪ್ಪು ಎಂದು. ಅರಸನ ಬೇಟೆಯ ಹಕ್ಕಿಗೆ ಅಲ್ಲಿ ಗೀರೂ ಬೀಳುವುದಿಲ್ಲ. ದಶರಥನೂ ಶಬ್ದಕ್ಕೇ ಬಾಣ ಬಿಟ್ಟವನು. ಕೊಡ ತುಂಬುವ ಸದ್ದನ್ನು ಆನೆಯೆಂದು ತಿಳಿದ. ಆದರೆ ಬಾಣ ತಗುಲಿದ ಹುಡುಗ ಮಾತಾಡಿದ, ಅರಸ ಓಡಿ ಹೋಗಿ ಅತ್ತ. ಜನ್ನನ ಕೋಳಿಗೆ ಆ ಅವಕಾಶವೂ ಇಲ್ಲ.

ಇನ್ನು ನಮ್ಮ ಕಾಲದ್ದು, 2022ರ ‘ಕಾಂತಾರ’. ರಾತ್ರಿ ಹಂದಿಶಿಕಾರಿಗೆ ಹೋಗುವ ನಾಯಕ, ಅವನ ಕನಸಿಗೆ ಬರುವ ಪಂಜುರ್ಲಿ. ಪಾರ್ವತಿ ಸಾಕಿದ ಹಂದಿಮರಿಯೇ ಭೂಮಿಗಿಳಿದು ದೈವವಾಯಿತೆಂದು ಪಾಡ್ದನ ಹೇಳುವ ನಾಡಿನಲ್ಲಿ ಹಂದಿಗೆ ಕೋವಿ ಹಿಡಿಯುವವನ ಇಕ್ಕಟ್ಟು ಎಷ್ಟು ದೊಡ್ಡ ವಸ್ತು! ಅಡಿಕೆ, ಬಾಳೆ, ಗದ್ದೆ ಹಾಳಾದಾಗ ಬಯ್ದು, ನೇಮದ ದಿನ ಕೈಮುಗಿಯುವ ರೈತರು ಪ್ರತಿ ಗ್ರಾಮದಲ್ಲೂ ಸಿಗುತ್ತಾರೆ. ಸಿನಿಮಾ ಆ ಬಾಗಿಲನ್ನು ತೆರೆಯಿತು, ಒಳಗೆ ಹೋಗಲಿಲ್ಲ. ಹಂದಿ ನಾಯಕನಿಗೆ ಎಚ್ಚರಿಕೆ ಕೊಡುವ ಸಂಕೇತವಾಯಿತು, ಕೊನೆಗೆ ಉಳಿದದ್ದು ಮನುಷ್ಯರ ಸೇಡು. ಕೊನೆಯ ಕುಣಿತಕ್ಕೆ ಮೈ ಜುಮ್ಮೆಂದದ್ದು ನಿಜ. ಗುಂಡು ತಿಂದ ಹಂದಿಯನ್ನು ಕೇಳಿದವರಿಲ್ಲ ಎಂಬುದೂ ನಿಜ.

ಜನ್ನನನ್ನು ಹೊಗಳಿ ಮುಗಿಸುವ ಹಾಗೂ ಇಲ್ಲ. ಅವನ ಕಾವ್ಯದಲ್ಲಿ ಎರಡು ತೊಡಕುಗಳು ನನಗೆ ಕಾಣುತ್ತವೆ. ಕೋಳಿಯ ಸಾವು ನಮ್ಮ ಕರುಳು ಹಿಂಡುವುದು ಅದು ಹಿಂದೆ ರಾಜನಾಗಿದ್ದ ಕಾರಣಕ್ಕೆ. ಜನ್ಮದಿಂದ ಜನ್ಮಕ್ಕೆ ಬರೀ ಕೋಳಿಯಾಗಿಯೇ ಬಂದ ಕೋಳಿಯ ಗತಿ? ಕಾವ್ಯದ ಧರ್ಮ ಅದನ್ನೂ ಒಳಗೊಳ್ಳುತ್ತದೆ, ಕಾವ್ಯದ ಕಥೆ ಒಳಗೊಳ್ಳುವುದಿಲ್ಲ. ಎರಡನೆಯದು ಇನ್ನೂ ಕಷ್ಟದ್ದು. ಹಿಟ್ಟಿನ ಹುಂಜ ಕಡಿದ ತಪ್ಪಿಗೆ ಈ ಶಿಕ್ಷೆ ಎಂದಾಗ, ಬಾಣ ಬಿಟ್ಟ ಮಗ ಕರ್ಮದ ಕೈಯ ಆಯುಧದ ಹಾಗೆ ಕಾಣತೊಡಗುತ್ತಾನೆ. ಬೇಟೆಗಾರನ ಹೊಣೆ ಅಲ್ಲಿ ಹಗುರಾಗುತ್ತದೆ.

ಇದು ಜನ್ನನಿಗೂ ಗೊತ್ತಿತ್ತೋ ಏನೋ, ಯಶೋಮತಿಯನ್ನು ಇನ್ನೊಮ್ಮೆ ಬೇಟೆಗೆ ಕಳಿಸುತ್ತಾನೆ. ಮೃಗ ಸಿಗಲಿಲ್ಲ. ದಾರಿಯಲ್ಲಿ ಕಂಡ ಸುದತ್ತ ಮುನಿಯೇ ಅಪಶಕುನವೆಂದು ಸಿಟ್ಟಾಗಿ ಬೇಟೆನಾಯಿಗಳನ್ನು ಅವನ ಮೇಲೆ ಛೂ ಬಿಡುತ್ತಾನೆ. ಮಿಕವಾಗಿ ಈಗ ಮನುಷ್ಯನೇ ನಿಂತಿದ್ದಾನೆ. ಮುನಿ ಓಡುವುದಿಲ್ಲ, ಬಲೆ ಹೂಡುವುದಿಲ್ಲ, ಎದುರು ಬೀಳುವುದಿಲ್ಲ. ನಾಯಿಗಳು ಸುಮ್ಮನಾಗುತ್ತವೆ. ಓಟವಿಲ್ಲದೆ ಬೇಟೆಯಿಲ್ಲ. ಕೊಂದ ಕೋಳಿಗಳು ಯಾರೆಂದು ಅರಸನಿಗೆ ತಿಳಿಯುವುದು ಆಮೇಲೆ, ಅದೇ ಮುನಿಯ ಬಾಯಿಂದ. ರೇನ್ಸ್‌ಫರ್ಡ್ ಬೇಟೆಗಾರನಾಗಿಯೇ ಗೆದ್ದ. ಸುದತ್ತ ಆ ಆಟಕ್ಕೇ ಇಳಿಯಲಿಲ್ಲ. ಪವಾಡ ಎಂದು ಈ ಭಾಗವನ್ನು ತಳ್ಳಿಹಾಕುವವರು ಅದರ ಹಿಂದಿನ ಯೋಚನೆಯನ್ನಾದರೂ ನೋಡಬೇಕು.

‘ಯಶೋಧರ ಚರಿತೆ’ ಮುನ್ನೂರು ಚಿಲ್ಲರೆ ಪದ್ಯಗಳ ಪುಟ್ಟ ಕಾವ್ಯ. ಅರ್ಥಸಹಿತ ಮುದ್ರಣಗಳು ಸಿಗುತ್ತವೆ. ಪಾಠ ಹೇಳುವವರಲ್ಲಿ ನನ್ನದೊಂದು ವಿನಂತಿ: ಅಮೃತಮತಿಯ ರಾತ್ರಿಯನ್ನು ಮಕ್ಕಳಿಗೆ ಓದಿಸುತ್ತಲೇ ಬಂದಿದ್ದೀರಿ, ಮುಂದಿನ ವರ್ಷ ಕೋಳಿಗಳ ಸಾವಿನವರೆಗೂ ಓದಿಸಿ.