ಕಥಾಚಿತ್ರ ಮತ್ತು ಭಾವಚಿತ್ರ: ಜೆಸ್ಸಿ ವಿಲ್ಕಾಕ್ಸ್ ಸ್ಮಿತ್‌ಳ ಕಲೆಯ ವಿವೇಚನೆ

1

ಶಿಶುಸಾಹಿತ್ಯವನ್ನು ಕುರಿತ ವಿಮರ್ಶೆಯಲ್ಲಿ ಗ್ರಂಥದ ಮಾತಿಗೆ ದೊರೆಯುವ ಗಮನ ಗ್ರಂಥದ ಚಿತ್ರಕ್ಕೆ ದೊರೆಯುವುದು ಅಪೂರ್ವ. ಮಗುವಾದರೋ ಮೊದಲು ನೋಡುವುದು ಚಿತ್ರವನ್ನೇ. ಅಕ್ಷರಜ್ಞಾನಕ್ಕೆ ಮುಂಚೆಯೇ ಕಥೆಯ ವ್ಯಕ್ತಿಗಳು ಅದರ ಮನಸ್ಸಿನಲ್ಲಿ ನೆಲೆಸುವುದು ಚಿತ್ರದ ಮೂಲಕ. ಹೀಗಿದ್ದರೂ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದವರನ್ನು ಸಾಹಿತ್ಯ ವಿಮರ್ಶಕರು ಕೇವಲ ಅಲಂಕಾರಕಾರರೆಂದು ಬಿಟ್ಟುಬಿಡುತ್ತಾರೆ. ಕಲಾವಿಮರ್ಶಕರು ಅವರನ್ನು ಪತ್ರಿಕೆಯ ಪ್ರಪಂಚಕ್ಕೆ ಸೇರಿದವರೆಂದು ದೂರವಿರಿಸುತ್ತಾರೆ. ಈ ಎರಡು ಬಗೆಯ ಉಪೇಕ್ಷೆಗೂ ಪಾತ್ರಳಾದವಳು ಅಮೆರಿಕದ ಜೆಸ್ಸಿ ವಿಲ್ಕಾಕ್ಸ್ ಸ್ಮಿತ್.

ಸ್ಮಿತ್ (1863-1935) ಬಹುಕಾಲ ಸ್ವತಂತ್ರವೃತ್ತಿಯಿಂದ ಜೀವಿಸಿದ ಚಿತ್ರಕಾರ್ತಿ. ಮಕ್ಕಳ ಗ್ರಂಥಗಳಿಗೆ ಕಥಾಚಿತ್ರಗಳನ್ನು ಬರೆದಳು. ಜೀವನದ ಕಡೆಯ ಹತ್ತು ವರ್ಷಗಳಲ್ಲಿ ಮಕ್ಕಳ ಭಾವಚಿತ್ರಗಳ ಕಡೆಗೆ ಹೆಚ್ಚಾಗಿ ತಿರುಗಿದಳು. ಲೋಕರೂಢಿಯಲ್ಲಿ ಕಥಾಚಿತ್ರಕ್ಕಿಂತ ಭಾವಚಿತ್ರದ ಅಂತಸ್ತು ದೊಡ್ಡದು. ಮೊದಲನೆಯದು ಪುಟದೊಳಗೆ ಮುಚ್ಚಿಕೊಂಡಿರುವುದು. ಎರಡನೆಯದು ಗೋಡೆಯ ಮೇಲೆ ಮೆರೆಯುವುದು. ಈ ರೂಢಿಯನ್ನು ಒಪ್ಪಿದರೆ ಆಕೆಯ ಕಲಾಜೀವನವು ಕೆಳಗಿನ ಮೆಟ್ಟಿಲಿನಿಂದ ಮೇಲಿನದಕ್ಕೆ ಏರಿದ ಕಥೆಯಾಗುತ್ತದೆ. ಆದರೆ ಕೃತಿಗಳನ್ನು ನೋಡಿದವರಿಗೆ ತೋರುವ ಸತ್ಯ ಬೇರೆ. ಆಕೆಯ ಶ್ರೇಷ್ಠತೆ ಕಥಾಚಿತ್ರದಲ್ಲಿದೆ. ಆಕೆ ಭಾವಚಿತ್ರಕ್ಕೆ ಜೀವ ತುಂಬಲು ಹಿಡಿದ ದಾರಿಯೂ ಕಥೆಯದೇ. ಇದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

2

ಸ್ಮಿತ್ ಹುಟ್ಟಿದ್ದು 1863ರ ಸೆಪ್ಟೆಂಬರ್ 6ರಂದು, ಫಿಲಡೆಲ್ಫಿಯ ನಗರದಲ್ಲಿ. ಆಕೆ ಮೊದಲು ಕಲಿತದ್ದು ಚಿತ್ರಕಲೆಯನ್ನಲ್ಲ, ಕಿಂಡರ್‌ಗಾರ್ಟನ್ ಉಪಾಧ್ಯಾಯಿನಿಯ ಕೆಲಸವನ್ನು. ಕೆಲಕಾಲ ಪಾಠವನ್ನೂ ಹೇಳಿದಳು. ಪುಟ್ಟ ಮಕ್ಕಳ ಎತ್ತರಕ್ಕೆ ಸದಾ ಬಾಗಿ ಮಾಡಬೇಕಾದ ಆ ಕೆಲಸವನ್ನು ಆಕೆಯ ಬೆನ್ನು ತಾಳಲಿಲ್ಲ, ಬಿಡಬೇಕಾಯಿತು. ಆದರೆ ಅಲ್ಲಿ ಪಡೆದ ಶಿಕ್ಷಣ ವ್ಯರ್ಥವಾಗಲಿಲ್ಲ. ಮಗು ಆಟದಿಂದಲೂ ತನ್ನ ಸ್ವಂತ ಚಟುವಟಿಕೆಯಿಂದಲೂ ಬೆಳೆಯುತ್ತದೆ, ಹಿರಿಯರ ಉಪದೇಶದಿಂದಲ್ಲ, ಎಂಬುದು ಫ್ರೋಬೆಲನ ಶಿಕ್ಷಣತತ್ತ್ವದ ತಿರುಳು. ಈ ತತ್ತ್ವವನ್ನು ಸ್ಮಿತ್ ಮುಂದೆ ಬಣ್ಣದಲ್ಲಿ ಬರೆದಳೆಂದರೆ ತಪ್ಪಾಗಲಾರದು.

ಅನಂತರ ಆಕೆ ಮಹಿಳೆಯರ ಕಲಾಶಾಲೆಯೊಂದರಲ್ಲಿಯೂ 1885ರಿಂದ ಪೆನ್ಸಿಲ್ವೇನಿಯ ಲಲಿತಕಲಾ ಅಕಾಡೆಮಿಯಲ್ಲಿಯೂ ಅಭ್ಯಾಸ ಮಾಡಿದಳು. ಅಕಾಡೆಮಿಯಲ್ಲಿ ಆಗ ಥಾಮಸ್ ಈಕಿನ್ಸ್ ಪ್ರಧಾನ ಗುರು. ಮನುಷ್ಯ ಶರೀರದ ರಚನೆಯನ್ನು ನಿಷ್ಠುರವಾಗಿ ಅಭ್ಯಾಸ ಮಾಡಿಸುವುದು, ಛಾಯಾಚಿತ್ರದ ನೆರವನ್ನು ಸಂಕೋಚವಿಲ್ಲದೆ ಪಡೆಯುವುದು ಆತನ ಪದ್ಧತಿ. ವಿದ್ಯಾರ್ಥಿನಿಯರ ಸಮ್ಮುಖದಲ್ಲಿ ಪುರುಷ ಮಾದರಿಯನ್ನು ವಿವಸ್ತ್ರಗೊಳಿಸಿದ ಕಾರಣಕ್ಕಾಗಿ 1886ರಲ್ಲಿ ಆತ ಹುದ್ದೆಯನ್ನು ಬಿಡಬೇಕಾಗಿ ಬಂದುದು ಆ ಕಾಲದಲ್ಲಿ ಸ್ತ್ರೀಯರ ಕಲಾಶಿಕ್ಷಣಕ್ಕಿದ್ದ ಅಡ್ಡಿಗಳನ್ನು ಸೂಚಿಸುತ್ತದೆ. 1888ರಲ್ಲಿ ಸ್ಮಿತ್‌ಳ ಶಿಕ್ಷಣ ಮುಗಿಯಿತು. ಆ ವರ್ಷವೇ ‘ಸೇಂಟ್ ನಿಕೊಲಸ್’ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ ಆಕೆಯ ಮೊದಲ ಚಿತ್ರ ಅಚ್ಚಾಯಿತು. ಮರುವರ್ಷ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯ ಜಾಹೀರಾತು ವಿಭಾಗವನ್ನು ಸೇರಿ, ಇತರರ ಕರಡುಚಿತ್ರಗಳನ್ನು ಪೂರೈಸುವ, ಅಂಚುಪಟ್ಟಿಗಳನ್ನು ಬರೆಯುವ ಕೆಲಸವನ್ನು ಕೆಲವು ವರ್ಷ ಮಾಡಿದಳು.

ಆಕೆಯನ್ನು ಈ ಗಾಣದಿಂದ ಬಿಡಿಸಿದವನು ಹೋವರ್ಡ್ ಪೈಲ್. 1894ರಲ್ಲಿ ಡ್ರೆಕ್ಸೆಲ್ ಸಂಸ್ಥೆಯಲ್ಲಿ ಪೈಲ್ ಆರಂಭಿಸಿದ ಶನಿವಾರದ ತರಗತಿಗಳಿಗೆ ಸ್ಮಿತ್ ಸೇರಿದಳು. ಕಥೆಯ ಹೊರಗೆ ನಿಂತು ಚಿತ್ರ ಬರೆಯಬಾರದು, ಕಥೆಯೊಳಗೆ ಪ್ರವೇಶಿಸಿ ಅಲ್ಲಿಂದ ಕಂಡುದನ್ನು ಬರೆಯಬೇಕು ಎಂಬುದು ಆತನ ಬೋಧೆ. ಆತನ ಪ್ರೋತ್ಸಾಹದಿಂದಲೇ ಸ್ಮಿತ್ ಮತ್ತು ವಯೊಲೆಟ್ ಓಕ್ಲಿ ಇಬ್ಬರೂ ಕೂಡಿ ಲಾಂಗ್‌ಫೆಲೊ ಕವಿಯ ‘ಇವಾಂಜಲೀನ್’ ಕಾವ್ಯಕ್ಕೆ ಚಿತ್ರಗಳನ್ನು ಬರೆದರು. 1897ರಲ್ಲಿ ಅದು ಪ್ರಕಟವಾಯಿತು. ಎಲಿಜಬೆತ್ ಶಿಪನ್ ಗ್ರೀನ್ ಇವರ ಜೊತೆಗೂಡಿದ ಮೂರನೆಯ ಚಿತ್ರಕಾರ್ತಿ. ಈ ಮೂವರೂ ಗೃಹಕೃತ್ಯವನ್ನೂ ತೋಟವನ್ನೂ ನೋಡಿಕೊಳ್ಳುತ್ತಿದ್ದ ಹೆನ್ರಿಯೆಟಾ ಕೋಜನ್ಸ್ ಎಂಬಾಕೆಯೂ ಒಂದೇ ಮನೆಯಲ್ಲಿ ಬಾಳಿದರು. ನಾಲ್ವರ ಮನೆತನದ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಆ ಮನೆಗೆ ‘ಕಾಗ್ಸ್‌ಲೀ’ ಎಂದು ಹೆಸರಿಟ್ಟರು. ಮದುವೆಯಾದ ಸ್ತ್ರೀ ಕಲೆಯನ್ನು ತೊರೆಯಬೇಕೆಂಬುದು ಸಾಮಾನ್ಯ ನಿರೀಕ್ಷೆಯಾಗಿದ್ದ ಕಾಲದಲ್ಲಿ, ಬಾಡಿಗೆಯನ್ನೂ ಮಾದರಿಗಳನ್ನೂ ವಿಮರ್ಶೆಯನ್ನೂ ಹಂಚಿಕೊಂಡ ಈ ಸಹಜೀವನವೇ ಸ್ಮಿತ್‌ಳ ಸ್ವಾತಂತ್ರ್ಯಕ್ಕೆ ಆಧಾರವಾಯಿತು.

3

ಇನ್ನು ಕೃತಿಗಳ ವಿಚಾರ. ನಮ್ಮ ಆಲಂಕಾರಿಕರಲ್ಲಿ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವನ್ನು ಪ್ರತ್ಯೇಕ ರಸವೆಂದು ಒಪ್ಪಿದ್ದಾನೆ. ಅದಕ್ಕೆ ಮಗು ಆಲಂಬನ; ಮಗುವಿನ ಚೇಷ್ಟೆ, ವಿದ್ಯೆ, ಶೌರ್ಯ ಮೊದಲಾದುವು ಉದ್ದೀಪನ. ಈ ವಿಂಗಡಣೆ ಬಹು ಮಾರ್ಮಿಕವಾದುದು. ಮಗುವಿನ ರೂಪವನ್ನು ಮಾತ್ರ ತೋರಿಸಿದರೆ ಆಲಂಬನ ದೊರೆಯಿತೇ ಹೊರತು ರಸವು ಸಿದ್ಧಿಸಲಿಲ್ಲ. ಮಗು ಏನನ್ನಾದರೂ ಮಾಡುತ್ತಿರಬೇಕು. ಮಾಡುವುದರಲ್ಲಿ ತನ್ನನ್ನು ತಾನು ಮರೆತಿರಬೇಕು.

ಸ್ಟೀವನ್ಸನ್ ಕವಿಯ ಮಕ್ಕಳ ಕವಿತೆಗಳ ಸಂಗ್ರಹಕ್ಕೆ 1905ರಲ್ಲಿ ಸ್ಮಿತ್ ಬರೆದ ಚಿತ್ರಗಳು ಈ ಲಕ್ಷಣಕ್ಕೆ ಒಳ್ಳೆಯ ಲಕ್ಷ್ಯ. ಕಾಯಿಲೆಯ ಹುಡುಗನೊಬ್ಬ ದಿಂಬಿಗೆ ಒರಗಿ ಹಾಸಿಗೆಯಲ್ಲಿ ಕುಳಿತಿದ್ದಾನೆ; ಹೊದಿಕೆಯ ಏರುತಗ್ಗುಗಳು ಅವನಿಗೆ ಬೆಟ್ಟ ಕಣಿವೆಗಳಾಗಿವೆ; ಅವುಗಳ ಮೇಲೆ ಆಟದ ಸಿಪಾಯಿಗಳು ನಡೆದಿದ್ದಾರೆ. ಇನ್ನೊಂದರಲ್ಲಿ ಮರವನ್ನು ಹತ್ತಿದ ಮಗು ಕೊಂಬೆಯನ್ನು ಹಿಡಿದು ಬೇಲಿಯಾಚೆಯ ದೂರವನ್ನು ನೋಡುತ್ತಿದೆ. ಈ ಮಕ್ಕಳಲ್ಲಿ ಯಾವುದೂ ನಮ್ಮನ್ನು ನೋಡುವುದಿಲ್ಲ. ತಾನು ಮುದ್ದಾಗಿರುವೆನೆಂಬ ಅರಿವು ಅದಕ್ಕಿಲ್ಲ. ಹುಡುಗನ ಕಾಯಿಲೆಗಾಗಿ ಕನಿಕರಪಡಿರೆಂದು ಚಿತ್ರ ಬೇಡುವುದಿಲ್ಲ. ಅವನು ಸೈನ್ಯವನ್ನು ನಡೆಸುವುದರಲ್ಲಿ ಮಗ್ನನಾಗಿದ್ದಾನೆ, ನಾವು ಬಾಗಿಲಲ್ಲಿ ಸದ್ದಿಲ್ಲದೆ ನಿಂತವರಾಗುತ್ತೇವೆ.

ಈ ಪರಿಣಾಮಕ್ಕೆ ತಂತ್ರವೂ ನೆರವಾಗಿದೆ. ಇದ್ದಿಲಿನಿಂದ ದೃಢವಾದ ಹೊರರೇಖೆಯನ್ನೆಳೆದು, ಅದರ ಮೇಲೆ ಜಲವರ್ಣವನ್ನೋ ತೈಲವರ್ಣವನ್ನೋ ತೆಳುವಾಗಿ ಹರಡುವುದು ಆಕೆಯ ಕ್ರಮ. ಜಪಾನಿನ ಮುದ್ರಿತ ಚಿತ್ರಗಳ ಪ್ರಭಾವವೂ, ಅದೇ ಅಕಾಡೆಮಿಯಲ್ಲಿ ಹಿಂದೆ ಓದಿ ಪ್ಯಾರಿಸಿನಲ್ಲಿ ನೆಲೆಸಿದ್ದ ಮೇರಿ ಕಸಾಟ್‌ಳ ಪ್ರಭಾವವೂ ಇದರಲ್ಲಿ ಕಾಣುತ್ತವೆ. ಶತಮಾನದ ತಿರುವಿನಲ್ಲಿ ಬಳಕೆಗೆ ಬಂದ ಬಹುವರ್ಣ ಮುದ್ರಣಕ್ಕೆ ಈ ರೇಖೆ ಹೇಳಿಮಾಡಿಸಿದಂತಿತ್ತು. ಅಚ್ಚಿನಲ್ಲಿ ಬಣ್ಣ ಕೊಂಚ ಮಂಕಾದರೂ ಆಕೃತಿ ಕೆಡುವುದಿಲ್ಲ. ಈಕಿನ್ಸನ ಶರೀರಜ್ಞಾನ ಆ ರೇಖೆಯೊಳಗೆ ಅಡಗಿದೆ. ಕೂತ ಮಗುವಿನ ಭಾರ ಎಲ್ಲಿ ಬೀಳುತ್ತದೆ, ಬಗ್ಗಿದ ಕತ್ತು ಹೇಗೆ ತಿರುಗುತ್ತದೆ ಎಂಬುದರಲ್ಲಿ ಆಕೆ ತಪ್ಪುವುದು ವಿರಳ.

ಈ ದೃಷ್ಟಿಯ ಪರಿಪಾಕ 1916ರಲ್ಲಿ ಪ್ರಕಟವಾದ ‘ವಾಟರ್ ಬೇಬೀಸ್’ ಚಿತ್ರಗಳಲ್ಲಿದೆ. ಚಾರ್ಲ್ಸ್ ಕಿಂಗ್ಸ್‌ಲಿಯ ಆ ಕಥೆ ಗ್ರಂಥರೂಪದಲ್ಲಿ ಹೊರಬಂದದ್ದು 1863ರಲ್ಲಿ, ಸ್ಮಿತ್ ಹುಟ್ಟಿದ ವರ್ಷದಲ್ಲಿ. ಹೊಗೆಗೂಡುಗಳನ್ನು ಗುಡಿಸುವ ಟಾಮ್ ಎಂಬ ಬಾಲಕ ಹೊಳೆಗೆ ಬಿದ್ದು ಜಲಶಿಶುವಾಗುತ್ತಾನೆ. ತಲೆಯೆತ್ತಿ ಹಳದಿಯ ಚಂದ್ರನನ್ನು ನೋಡುವ ಟಾಮ್, ಶಿಶುಗಳನ್ನೆಲ್ಲ ಮಡಿಲಿಗೆ ಸೆಳೆದುಕೊಂಡ ಮಾತೃರೂಪಿಣಿಯಾದ ಯಕ್ಷಿಣಿ—ಇವುಗಳಲ್ಲಿ ನೀರಿನ ಅಲೆ, ಮಕ್ಕಳ ಮೈ, ಕೂದಲಿನ ಸುಳಿ ಎಲ್ಲವೂ ಒಂದೇ ಲಯದಲ್ಲಿ ಸುತ್ತುತ್ತವೆ. ಈ ಮೂಲಚಿತ್ರಗಳು ಆಕೆಯ ಇಚ್ಛೆಯಂತೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಸೇರಿದುವು. ಯಾವ ಕೃತಿಯಿಂದ ತನ್ನನ್ನು ಅಳೆಯಬೇಕೆಂದು ಆಕೆ ಬಯಸಿದಳೆಂಬುದು ಇದರಿಂದ ಊಹ್ಯ.

4

ಕನ್ನಡದಲ್ಲಿ ವ್ಯಕ್ತಿಯ ಪ್ರತಿಕೃತಿಯನ್ನು ನಾವು ‘ಭಾವಚಿತ್ರ’ವೆನ್ನುತ್ತೇವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ಶಬ್ದದ ಅರ್ಥ ಬೇರೆ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ; ನೋಡಿದೊಡನೆಯೇ ಶೃಂಗಾರಾದಿ ರಸಗಳು ತಿಳಿಯುವಂಥದು ಭಾವಚಿತ್ರ. ನಾವು ಇಂದು ವಿದ್ಧಚಿತ್ರಕ್ಕೆ ಭಾವಚಿತ್ರವೆಂದು ಹೆಸರಿಟ್ಟಿದ್ದೇವೆ. ಆದರೆ ಆ ಹೆಸರಿನಲ್ಲಿ ಒಂದು ಬೇಡಿಕೆಯಿದೆ: ಹೋಲಿಕೆ ಸಾಲದು, ಭಾವವೂ ಬೇಕು.

ಈ ಬೇಡಿಕೆಯನ್ನು ಪೂರೈಸುವುದು ಮಕ್ಕಳ ವಿಷಯದಲ್ಲಿ ಅತಿ ಕಷ್ಟ. ಹಣ ಕೊಡುವವರು ತಂದೆತಾಯಿಗಳು. ಅವರು ಬಯಸುವುದು ತಮ್ಮ ಮಗು ತಮ್ಮ ಕಣ್ಣಿಗೆ ಕಾಣುವ ರೂಪವನ್ನು. ಮಗುವಿಗೆ ಒಳ್ಳೆಯ ಬಟ್ಟೆ ತೊಡಿಸಿ, ಅಲುಗಬೇಡವೆಂದು ಹೇಳಿ ಕೂರಿಸುತ್ತಾರೆ. ಅದರ ಚೇಷ್ಟೆ ನಿಂತುಹೋಗುತ್ತದೆ, ಉದ್ದೀಪನವೇ ಇಲ್ಲವಾಗುತ್ತದೆ. ಹಣಕ್ಕಾಗಿ ಕೂರಲು ಪಳಗಿದ ಬಾಲಮಾದರಿಗಳನ್ನು ಸ್ಮಿತ್ ತೀವ್ರವಾಗಿ ದ್ವೇಷಿಸಿದ್ದು ಈ ಕಾರಣದಿಂದಲೇ. ಗೆಳತಿಯರ ಮಕ್ಕಳನ್ನು ಕರೆಯಿಸಿ, ತೋಟದಲ್ಲಿ ಆಡಲು ಬಿಟ್ಟು, ನೋಡಿ ಬರೆಯುವುದು ಆಕೆಗೆ ಪ್ರಿಯವಾಗಿತ್ತು. ಭಾವಚಿತ್ರದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಆಕೆ ಕಂಡುಕೊಂಡ ಉಪಾಯ ಗಮನಾರ್ಹವಾದುದು: ಬರೆಯುತ್ತಿರುವಾಗಲೇ ಮಗುವಿಗೆ ಅದ್ಭುತವಾದ ಕಥೆಗಳನ್ನು ಹೇಳುವುದು. ಕಥೆ ಹೇಳುವವರ ಮುಖವನ್ನು ಮಗು ನೇರವಾಗಿ ನೋಡುತ್ತದೆಂದು ಆಕೆಯೇ ತಿಳಿಸಿದ್ದಾಳೆ.

ಈ ಮಾತನ್ನು ಕೇವಲ ಕಸಬಿನ ಗುಟ್ಟೆಂದು ಭಾವಿಸಬಾರದು. ಆ ಮಗುವಿನ ನೇರದೃಷ್ಟಿ ನೋಡುವವರನ್ನು ಮೆಚ್ಚಿಸಲು ಹೊರಟುದಲ್ಲ. ಮುಂದೇನಾಯಿತೆಂದು ಕಾಯುತ್ತಿರುವ ದೃಷ್ಟಿ. ಅಲುಗದಿರುವುದು ಕೂಡ ಆಜ್ಞೆಯಿಂದ ಬಂದುದಲ್ಲ, ಆಲಿಸುವುದರಿಂದ ಬಂದುದು. ಪೈಲ್ ಕಲಿಸಿದಂತೆ ಕಥೆಯೊಳಗೆ ಪ್ರವೇಶಿಸುವ ಪಾಠವನ್ನು ಸ್ಮಿತ್ ಇಲ್ಲಿ ಮಗುವಿಗೇ ವರ್ಗಾಯಿಸಿದಳು. ಆದರೂ ಒಂದು ನಷ್ಟ ಉಳಿಯಿತು. ಕಥಾಚಿತ್ರದಲ್ಲಿ ಮಗುವಿನ ತನ್ಮಯತೆಯೂ ಅದರ ಕಾರಣವೂ, ಹುಡುಗನೂ ಸಿಪಾಯಿಗಳೂ, ಒಟ್ಟಿಗೆ ನಮಗೆ ದೊರೆಯುತ್ತವೆ. ಭಾವಚಿತ್ರದಲ್ಲಿ ಕಥೆ ಚೌಕಟ್ಟಿನ ಹೊರಗುಳಿದು ಆಲಿಸುವ ಮುಖ ಮಾತ್ರ ಒಳಗೆ ಬರುತ್ತದೆ. ಕಥಾಚಿತ್ರವೇ ಆಕೆಯ ಪೂರ್ಣ ಮಾಧ್ಯಮವೆಂಬುದು ಇದರಿಂದ ಸ್ಪಷ್ಟ.

5

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು. 1917ರ ಕೊನೆಯಿಂದ 1933ರವರೆಗೆ ‘ಗುಡ್ ಹೌಸ್‌ಕೀಪಿಂಗ್’ ಮಾಸಪತ್ರಿಕೆಯ ಮುಖಪುಟಗಳನ್ನು ಸ್ಮಿತ್ ಒಬ್ಬಳೇ ಬರೆದಳು. ಅವುಗಳ ಸಂಖ್ಯೆ 180ನ್ನು ಮೀರುತ್ತದೆ. ಆಕೆಯ ಖ್ಯಾತಿಗೂ ಸಂಪತ್ತಿಗೂ ಇವು ಕಾರಣ. ಆಕೆಯ ಕಲೆ ಸೊರಗಿದ್ದೂ ಇವುಗಳಲ್ಲೇ. ತಿಂಗಳಿಗೊಂದು ಮಗು, ಋತುವಿಗೊಂದು ಆಟ ಎಂಬ ನಿಯಮಕ್ಕೆ ಒಳಗಾದಾಗ ಮಗು ವ್ಯಕ್ತಿಯಾಗಿ ಉಳಿಯದೆ ಅಚ್ಚಾಗುತ್ತದೆ. ದುಂಡು ಕೆನ್ನೆ, ಸುರುಳಿಗೂದಲು ಮತ್ತೆ ಮತ್ತೆ ಬರುತ್ತವೆ. ಚೇಷ್ಟೆ ಕೇವಲ ನೆಪವಾಗುತ್ತದೆ. ಸಾಬೂನಿನ ಜಾಹೀರಾತಿಗೂ ಮುಖಪುಟಕ್ಕೂ ಒಂದೇ ಮಗು ಸಲ್ಲುವುದಾದರೆ ಅದು ಯಾವ ಮಗುವೂ ಅಲ್ಲ. ವಿಮರ್ಶಕರು ಆಕೆಯ ಮೇಲೆ ಹೊರಿಸುವ ಅತಿಭಾವುಕತೆಯ ಆರೋಪ ಇಲ್ಲಿ ಸಾಧುವಾದುದೇ.

ಎರಡನೆಯ ಮಿತಿ ಇನ್ನೂ ಗಂಭೀರವಾದುದು. 1903ರಲ್ಲಿ ಪೆನ್ಸಿಲ್ವೇನಿಯ ಅಕಾಡೆಮಿ ಸ್ಮಿತ್‌ಳಿಗೆ ಮೇರಿ ಸ್ಮಿತ್ ಬಹುಮಾನವನ್ನಿತ್ತಿತು. ಅದೇ ವರ್ಷ ಅದೇ ಫಿಲಡೆಲ್ಫಿಯದ ಬಟ್ಟೆಗಿರಣಿಗಳಲ್ಲಿ ವಾರಕ್ಕೆ 60 ಗಂಟೆಯ ದುಡಿಮೆಯನ್ನು 55ಕ್ಕೆ ಇಳಿಸಬೇಕೆಂದು ಮುಷ್ಕರ ನಡೆಯಿತು. ಜುಲೈ ತಿಂಗಳಲ್ಲಿ ‘ಮದರ್ ಜೋನ್ಸ್’ ಎಂದು ಖ್ಯಾತಳಾದ ಕಾರ್ಮಿಕನಾಯಕಿ ಗಿರಣಿಯ ಮಕ್ಕಳನ್ನು ಕರೆದುಕೊಂಡು ಅಧ್ಯಕ್ಷ ರೂಸ್‌ವೆಲ್ಟನ ಬೇಸಗೆಯ ಮನೆಯತ್ತ ಕಾಲ್ನಡಿಗೆಯಲ್ಲಿ ಹೊರಟಳು. ಆ ಮಕ್ಕಳು ಸ್ಮಿತ್‌ಳ ಚಿತ್ರಪ್ರಪಂಚದಲ್ಲಿಲ್ಲ. ಆಕೆಯ ತೋಟದೊಳಗೆ ಆಡುವವರು ಬಹುಮಟ್ಟಿಗೆ ಸುಖಸ್ಥಿತಿಯ ಬಿಳಿಯರ ಮಕ್ಕಳು. ದುಡಿಯುವ ಮಗು ಅಪರೂಪ; ಅಂಥವನೊಬ್ಬ ಕಿಂಗ್ಸ್‌ಲಿಯ ಟಾಮ್. ಅವನೂ ನೀರಿಗಿಳಿದು ಮಸಿ ತೊಳೆದುಹೋದ ಮೇಲೆಯೇ ಆಕೆಯ ಕುಂಚಕ್ಕೆ ಪೂರ್ತಿ ಒಲಿಯುವುದು.

ಹೀಗೆಂದ ಮಾತ್ರಕ್ಕೆ ಆಕೆಯ ಸಾಧನೆ ಸುಳ್ಳಾಗುವುದಿಲ್ಲ. ಬಾಲ್ಯಕ್ಕೆ ಸ್ವಂತವಾದೊಂದು ಗಾಂಭೀರ್ಯವಿದೆ, ಮಗುವಿನ ಆಟ ಹಿರಿಯರ ಕೆಲಸದಷ್ಟೇ ಏಕಾಗ್ರತೆಯನ್ನು ಬೇಡುತ್ತದೆ ಎಂಬುದನ್ನು ಕಾಣಿಸಿದ ಚಿತ್ರಗಳು ಆ ಗಾಂಭೀರ್ಯದಿಂದ ವಂಚಿತರಾದ ಮಕ್ಕಳ ಪರವಾಗಿಯೂ ಸಾಕ್ಷಿ ಹೇಳುತ್ತವೆ. ಆಡಲು ಬಿಡುವಿದ್ದ ಮಗು ಹೇಗಿರುತ್ತದೆಂದು ತಿಳಿಯದೆ ಆ ಬಿಡುವು ಕಸಿದುಕೊಂಡದ್ದೇನೆಂದು ಅಳೆಯುವುದು ಕಷ್ಟ.

6

1935ರ ಮೇ 3ರಂದು ಸ್ಮಿತ್ ತೀರಿಕೊಂಡಳು. ಮರುವರ್ಷ ಅಕಾಡೆಮಿ ಆಕೆಯ ಸ್ಮರಣಾರ್ಥ ಪ್ರದರ್ಶನವನ್ನು ಏರ್ಪಡಿಸಿತು. ಅಮೆರಿಕದ ಕಥಾಚಿತ್ರಕಾರರ ಸಂಘವು ತನ್ನ ಗೌರವಪಂಕ್ತಿಯಲ್ಲಿ ಆಕೆಗೆ ಸ್ಥಾನ ಕೊಟ್ಟದ್ದು 1991ರಲ್ಲಿ. ಆ ಗೌರವವನ್ನು ಪಡೆದ ಸ್ತ್ರೀಯರಲ್ಲಿ ಆಕೆ ಎರಡನೆಯವಳು.

ಮುಖಪುಟಗಳ ರಾಶಿಯನ್ನು ಬದಿಗಿರಿಸಿ 1905ರ ಮತ್ತು 1916ರ ಎರಡು ಗ್ರಂಥಗಳನ್ನು ಎದುರಿಗಿಟ್ಟುಕೊಂಡರೆ ಆಕೆಯ ಸ್ಥಾನ ನಿಶ್ಚಿತವಾಗುತ್ತದೆ. ಕಥಾಚಿತ್ರವು ಮಾತಿನ ಕೈಗೆಲಸದ ಆಳಲ್ಲ, ಭಾವಚಿತ್ರಕ್ಕಿಂತ ಕೀಳಾದ ಕಲೆಯೂ ಅಲ್ಲ. ಮಗುವನ್ನು ಅದರ ಚೇಷ್ಟೆಯೊಡನೆ ಹಿಡಿಯಬಲ್ಲ ಕಾರಣ, ಮಗುವಿನ ಮಟ್ಟಿಗೆ ಅದೇ ಹೆಚ್ಚು ಸತ್ಯವಾದ ಭಾವಚಿತ್ರ. ಶಿಶುಸಾಹಿತ್ಯವನ್ನು ಪಾಠವಾಗಿಯೋ ಸಂಶೋಧನೆಯ ವಿಷಯವಾಗಿಯೋ ತೆಗೆದುಕೊಳ್ಳುವವರು ಕವಿತೆಯ ಜೊತೆಗೆ ಎದುರುಪುಟದ ಚಿತ್ರವನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕೆಂಬುದಕ್ಕೆ ಈ ಎರಡು ಗ್ರಂಥಗಳು ಸಾಕಷ್ಟು ಪ್ರಮಾಣವಾಗಿವೆ.