ಮಿದುಳಿನ ಆಘಾತದಿಂದ ಚೇತರಿಕೆ: ಸಾಕ್ಷ್ಯವನ್ನು ಕುರಿತ ಒಂದು ಪರಾಮರ್ಶೆ

ಆಟದಲ್ಲಿ ತಲೆಗೆ ಪೆಟ್ಟು ಬಿದ್ದ ಕ್ರೀಡಾಪಟು ಮತ್ತೆ ಆಡಲು ಯೋಗ್ಯನಾಗಿದ್ದಾನೆಂದು ಹೇಳತಕ್ಕವರು ಯಾರು? ಯಾವ ಆಧಾರದ ಮೇಲೆ ಹಾಗೆ ಹೇಳಬೇಕು? ಈ ಪ್ರಶ್ನೆಗೆ ಅಂತಾರಾಷ್ಟ್ರೀಯ ವೈದ್ಯರ ಮಂಡಲಿಯೊಂದು ಎರಡು ದಶಕಗಳಿಂದ ಉತ್ತರ ಹುಡುಕುತ್ತ ಬಂದಿದೆ. ೨೦೦೧ರಲ್ಲಿ ವಿಯೆನ್ನಾ, ೨೦೦೪ರಲ್ಲಿ ಪ್ರಾಗ್, ೨೦೦೮ ಮತ್ತು ೨೦೧೨ರಲ್ಲಿ ಜ್ಯೂರಿಚ್, ೨೦೧೬ರಲ್ಲಿ ಬರ್ಲಿನ್, ೨೦೨೨ರಲ್ಲಿ ಆಮ್‌ಸ್ಟರ್‌ಡಾಂ ನಗರಗಳಲ್ಲಿ ನೆರೆದ ಆರು ಸಮ್ಮೇಳನಗಳು ಒಂದೊಂದು ಸಹಮತಪತ್ರವನ್ನು ಹೊರಡಿಸಿವೆ. ವೈದ್ಯಶಾಸ್ತ್ರದ ನಿರ್ಣಯಗಳನ್ನು ತಿದ್ದುವ ಅಧಿಕಾರ ನಮಗಿಲ್ಲ. ಆದರೆ ಈ ಪತ್ರಗಳ ಮೂಲಸಮಸ್ಯೆ ಸಾಕ್ಷ್ಯದ ಸಮಸ್ಯೆ. ಸಾಕ್ಷಿ ಯಾರು, ಆತನ ಹಿತ ಎಲ್ಲಿದೆ, ಆತನ ಮಾತನ್ನು ಯಾವುದರೊಡನೆ ಒರೆಹಚ್ಚಿ ನೋಡಬೇಕು ಎಂದು ವಿಚಾರಿಸುವುದು ಇತಿಹಾಸವನ್ನು ಅಭ್ಯಸಿಸುವವರ ನಿತ್ಯದ ಕೆಲಸ. ಆ ದೃಷ್ಟಿಯಿಂದ ಇವುಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕನ್‌ಕಷನ್ ಎಂದು ವೈದ್ಯರು ಕರೆಯುವ ಈ ಆಘಾತದಲ್ಲಿ ಪ್ರಜ್ಞೆ ತಪ್ಪಲೇಬೇಕೆಂಬ ನಿಯಮವಿಲ್ಲ. ತಲೆನೋವು, ತಲೆಸುತ್ತು, ಮಂಕು, ಮರೆವು, ಬೆಳಕನ್ನೂ ಸದ್ದನ್ನೂ ಸಹಿಸಲಾರದಿರುವಿಕೆ ಇವೇ ಮೊದಲಾದುವು ಇದರ ಲಕ್ಷಣಗಳು. ಮೂಳೆ ಮುರಿದರೆ ಎಕ್ಸ್‌ರೇ ಚಿತ್ರದಲ್ಲಿ ಕಾಣುತ್ತದೆ. ಇಲ್ಲಿಯಾದರೋ ಸಾಮಾನ್ಯ ಸ್ಕ್ಯಾನ್ ಚಿತ್ರಗಳಲ್ಲಿ ಬಹುಮಟ್ಟಿಗೆ ಏನೂ ಕಾಣುವುದಿಲ್ಲ. ಗಾಯಗೊಂಡವನೇ ಬಾಯಿಬಿಟ್ಟು ಹೇಳಬೇಕು. ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ.

ಮೊದಲು ಈ ಪತ್ರಗಳ ಗುಣವನ್ನು ಹೇಳುವುದು ನ್ಯಾಯ. ವಿಯೆನ್ನಾಕ್ಕೆ ಮುಂಚೆ ಆಘಾತವನ್ನು ಒಂದು, ಎರಡು, ಮೂರು ಎಂದು ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೆ ತಕ್ಕಂತೆ ವಿಶ್ರಾಂತಿಯ ದಿನಗಳನ್ನು ಎಣಿಸುವ ಪದ್ಧತಿಗಳು ಬಳಕೆಯಲ್ಲಿದ್ದುವು. ವಿಯೆನ್ನಾ ಪತ್ರ ಅವನ್ನು ಬದಿಗಿಟ್ಟು, ಒಬ್ಬೊಬ್ಬರ ಚೇತರಿಕೆಯನ್ನೂ ಪ್ರತ್ಯೇಕವಾಗಿ ನೋಡಿ ಮೆಟ್ಟಿಲುಮೆಟ್ಟಿಲಾಗಿ ಆಟಕ್ಕೆ ಮರಳಿಸಬೇಕೆಂದಿತು. ಪ್ರಾಗ್ ಪತ್ರ ಆಘಾತವನ್ನು ಸರಳ, ಸಂಕೀರ್ಣ ಎಂದು ವಿಂಗಡಿಸಿತು. ನಾಲ್ಕು ವರ್ಷಗಳ ಅನಂತರ ಜ್ಯೂರಿಚ್‌ನಲ್ಲಿ ಅದೇ ಮಂಡಲಿ ಆ ವಿಂಗಡಣೆಯನ್ನು ಕೈಬಿಟ್ಟಿತು. ಲಕ್ಷಣಗಳೆಲ್ಲ ಅಳಿಯುವ ತನಕ ಪೂರ್ಣ ವಿಶ್ರಾಂತಿ ಎಂಬ ಹಳೆಯ ವಿಧಿಯೂ ಉಳಿಯಲಿಲ್ಲ. ಅಮೆರಿಕದ ಬಫಲೋ ವಿಶ್ವವಿದ್ಯಾನಿಲಯದ ಜಾನ್ ಲೆಡ್ಡಿ ಮತ್ತು ಸಂಗಡಿಗರು ೧೦೩ ಮಂದಿ ತರುಣ ಕ್ರೀಡಾಪಟುಗಳ ಮೇಲೆ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲಕ್ಷಣಗಳು ಕೆರಳದಷ್ಟು ಹಗುರವಾದ ವ್ಯಾಯಾಮ ಮಾಡಿದವರ ಚೇತರಿಕೆಯ ಮಧ್ಯಮಾವಧಿ ೧೩ ದಿನ, ಮೈಸಡಿಲಿಸುವ ಹಗುರ ಚಲನೆಗಳನ್ನಷ್ಟೇ ಮಾಡಿದವರದು ೧೭ ದಿನ. ಆಮ್‌ಸ್ಟರ್‌ಡಾಂ ಪತ್ರವೂ ಮೊದಲ ೨೪ರಿಂದ ೪೮ ಗಂಟೆಗಳ ಮಿತವಾದ ವಿಶ್ರಾಂತಿಯ ಅನಂತರ ಹಗುರ ಚಟುವಟಿಕೆಯನ್ನು ಹೇಳುತ್ತದೆ. ತನ್ನ ಹಿಂದಿನ ಮಾತನ್ನು ಹೀಗೆ ತಾನೇ ತಿದ್ದಿಕೊಳ್ಳುವುದು ವಿದ್ವತ್ತಿನ ಲಕ್ಷಣವೆನ್ನದೆ ವಿಧಿಯಿಲ್ಲ.

ಇನ್ನು ಪರೀಕ್ಷೆಯ ಸಾಧನವನ್ನು ನೋಡೋಣ. ಪ್ರಾಗ್‌ನಲ್ಲಿ ಹುಟ್ಟಿದ ಸ್ಕ್ಯಾಟ್ ಎಂಬ ಪರೀಕ್ಷಾಪತ್ರ ೨೦೨೩ರಲ್ಲಿ ಪ್ರಕಟವಾದ ಸ್ಕ್ಯಾಟ್-೬ರ ವರೆಗೆ ಬೆಳೆದಿದೆ. ಇದರಲ್ಲಿ ೨೨ ಲಕ್ಷಣಗಳಿವೆ. ಒಂದೊಂದಕ್ಕೂ ಸೊನ್ನೆಯಿಂದ ೬ರ ವರೆಗೆ ಅಂಕ. ಹತ್ತು ಪದಗಳನ್ನು ಕೇಳಿಸಿ ಕೂಡಲೆ ಒಮ್ಮೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹೇಳಿಸುವುದು, ತಿಂಗಳುಗಳ ಹೆಸರನ್ನು ಹಿಂದುಮುಂದಾಗಿ ಹೇಳಿಸುವುದು, ಹಿಮ್ಮಡಿಗೆ ಬೆರಳು ತಾಕಿಸಿ ಗೆರೆಯ ಮೇಲೆ ನಡೆಸುವುದು ಇತ್ಯಾದಿ ಪರೀಕ್ಷೆಗಳೂ ಇವೆ. ಪತ್ರ ಚೆನ್ನಾಗಿ ರಚಿತವಾಗಿದೆ. ಆದರೆ ಪೆಟ್ಟುಬಿದ್ದ ಮೊದಲ ೭೨ ಗಂಟೆಗಳಲ್ಲಿ ಅದರ ಪ್ರಯೋಜನ ಹೆಚ್ಚು, ಒಂದು ವಾರ ಕಳೆದ ಮೇಲೆ ಕಡಮೆ ಎಂದು ಅದನ್ನು ರಚಿಸಿದವರೇ ಹೇಳುತ್ತಾರೆ. ಎಂದರೆ, ಪೆಟ್ಟನ್ನು ಗುರುತಿಸಲು ಸಮರ್ಥವಾದ ಸಾಧನವು ಚೇತರಿಕೆಯನ್ನು ಅಳೆಯಲು ಅಷ್ಟು ಸಮರ್ಥವಲ್ಲ. ಆ ಕೆಲಸಕ್ಕೆಂದು ಸ್ಕೋಟ್-೬ ಎಂಬ ಬೇರೊಂದು ಪತ್ರವನ್ನು ಜೊತೆಗೂಡಿಸಿದ್ದಾರೆ. ಅಲ್ಲಿಯೂ ಲಕ್ಷಣಗಳ ಪಟ್ಟಿಯನ್ನು ತುಂಬಬೇಕಾದವನು ಕ್ರೀಡಾಪಟುವೇ.

ಈ ಸಾಕ್ಷಿಯಲ್ಲಿ ಎರಡು ದೋಷಗಳುಂಟು. ಒಂದು, ಹಿತಾಸಕ್ತಿ. ತಂಡದಲ್ಲಿ ಸ್ಥಾನ, ವಿದ್ಯಾರ್ಥಿವೇತನ, ಸಂಗಡಿಗರ ಮೆಚ್ಚುಗೆ ಎಲ್ಲವೂ ‘ನನಗೇನೂ ಆಗಿಲ್ಲ’ ಎಂಬ ಉತ್ತರವನ್ನೇ ಬೇಡುತ್ತವೆ. ಋತುವಿನ ಆರಂಭದಲ್ಲಿ ನಡೆಸುವ ಮೂಲಪರೀಕ್ಷೆಯಲ್ಲಿ ಬೇಕೆಂದೇ ಕಡಮೆ ಅಂಕ ಪಡೆದು, ಪೆಟ್ಟುಬಿದ್ದ ಮೇಲೆ ವ್ಯತ್ಯಾಸ ಕಾಣದಂತೆ ಮಾಡುವವರೂ ಇದ್ದಾರೆ. ಎರಡನೆಯ ದೋಷ ಇನ್ನೂ ಆಳವಾದುದು: ಸಾಕ್ಷಿ ನುಡಿಯಬೇಕಾದ ಅಂಗವೇ ಗಾಯಗೊಂಡ ಅಂಗ. ಸುಳ್ಳಾಡುವ ಇಚ್ಛೆ ಲೇಶವೂ ಇಲ್ಲದಿರುವಾಗಲೂ ಆತನಿಗೆ ತನ್ನ ಸ್ಥಿತಿ ತಿಳಿಯದಿರಬಹುದು.

೨೦೧೯ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಡೆದ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಆಸ್ಟ್ರೇಲಿಯದ ಸ್ಟೀವ್ ಸ್ಮಿತ್ ೮೦ ಓಟಗಳನ್ನು ಗಳಿಸಿದ್ದಾಗ ಜೋಫ್ರಾ ಆರ್ಚರ್ ಎಸೆದ ಚೆಂಡು ಅವರ ಕುತ್ತಿಗೆಗೆ ಬಡಿಯಿತು. ಅವರು ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ, ಒಂದು ಗಂಟೆಯೊಳಗಾಗಿ ಮರಳಿ ಬಂದು, ೯೨ ಓಟಗಳಿಗೆ ಔಟಾದರು. ಮರುದಿನ ಲಕ್ಷಣಗಳು ಕಾಣಿಸಿಕೊಂಡುವು. ಅವರು ಪಂದ್ಯದಿಂದ ಹೊರಗುಳಿದರು, ಮುಂದಿನ ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. ಅದೇ ತಿಂಗಳು ಜಾರಿಗೆ ಬಂದಿದ್ದ ಹೊಸ ನಿಯಮದಂತೆ ಅವರ ಬದಲಿಗೆ ಮಾರ್ನಸ್ ಲಾಬುಶೇನ್ ಬ್ಯಾಟು ಹಿಡಿದರು. ಇಲ್ಲಿ ಯಾರನ್ನೂ ದೂಷಿಸಬೇಕಾದುದಿಲ್ಲ. ಪರೀಕ್ಷೆಯೊಂದರ ಫಲ ಆ ಕ್ಷಣದ ಸ್ಥಿತಿಯನ್ನಷ್ಟೇ ಹೇಳೀತು. ಉಳಿದುದನ್ನು ಕಾಲ ಹೇಳಬೇಕು. ಆಟಕ್ಕೆ ಮರಳುವ ಆರು ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಕನಿಷ್ಠ ೨೪ ಗಂಟೆಗಳನ್ನು ವಿಧಿಸಿರುವುದರ ಅರ್ಥ ಇದೇ.

ರಕ್ತಪರೀಕ್ಷೆಯೋ ಹೊಸ ಬಗೆಯ ಸ್ಕ್ಯಾನೋ ಬಂದರೆ ಸಾಕ್ಷಿಯ ಗೊಡವೆಯೇ ತಪ್ಪುವುದೆಂದು ವಾದಿಸುವವರುಂಟು. ಇವು ಇನ್ನೂ ಸಂಶೋಧನೆಯ ಹಂತದಲ್ಲಿವೆ, ನಿತ್ಯದ ಚಿಕಿತ್ಸೆಗೆ ಸಿದ್ಧವಾಗಿಲ್ಲ ಎಂಬುದು ಆಮ್‌ಸ್ಟರ್‌ಡಾಂ ಪತ್ರದ್ದೇ ಅಭಿಪ್ರಾಯ. ಮುಂದೆ ಅವು ಸಿದ್ಧವಾದರೂ, ಫಲವನ್ನು ಓದುವವರು ಯಾರ ಸಂಬಳದಲ್ಲಿದ್ದಾರೆಂಬ ಪ್ರಶ್ನೆ ಉಳಿದೇ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ೧೯೯೪ರಲ್ಲಿ ತಾನೇ ನೇಮಿಸಿಕೊಂಡ ಸಮಿತಿಯ ಮೊದಲ ಅಧ್ಯಕ್ಷರು ಸಂಧಿವಾತದ ತಜ್ಞರು. ಮೃತ ಆಟಗಾರ ಮೈಕ್ ವೆಬ್‌ಸ್ಟರ್‌ರ ಮಿದುಳನ್ನು ಪರೀಕ್ಷಿಸಿ ಬೆನೆಟ್ ಒಮಾಲು ೨೦೦೫ರಲ್ಲಿ ಪ್ರಕಟಿಸಿದ ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಆ ಸಮಿತಿಯ ಸದಸ್ಯರು ಒತ್ತಾಯಿಸಿದ್ದು ದಾಖಲೆಯಲ್ಲಿದೆ. ಸಹಮತಪತ್ರಗಳ ಸಮ್ಮೇಳನಗಳಿಗೂ ಫೀಫಾ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಮೊದಲಾದ ಕ್ರೀಡಾಸಂಸ್ಥೆಗಳೇ ಆಶ್ರಯದಾತರು. ೨೦೦೪ರಿಂದ ೨೦೧೬ರ ವರೆಗಿನ ನಾಲ್ಕು ಪತ್ರಗಳ ಮೊದಲ ಕರ್ತೃವಾದ ಪಾಲ್ ಮೆಕ್ರೋರಿ ಕೃತಿಚೌರ್ಯದ ಆಕ್ಷೇಪಣೆಗಳ ನಡುವೆ ೨೦೨೨ರ ಮಾರ್ಚಿಯಲ್ಲಿ ಮಂಡಲಿಯ ಅಧ್ಯಕ್ಷಸ್ಥಾನವನ್ನು ಬಿಟ್ಟರು. ಇದರಿಂದ ಪತ್ರಗಳ ತಿರುಳು ಸುಳ್ಳಾಗುವುದಿಲ್ಲ. ಆದರೆ ‘ಸಹಮತ’ ಎಂಬ ಪದವನ್ನು ಪ್ರಮಾಣವೆಂದು ಕಣ್ಣುಮುಚ್ಚಿ ಒಪ್ಪಕೂಡದೆಂಬುದು ಸ್ಪಷ್ಟವಾಗುತ್ತದೆ.

ವಿಷಯ ಎಷ್ಟು ಗುರುತರವಾದುದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ೨೦೦೬ರ ಅಕ್ಟೋಬರಿನಲ್ಲಿ ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ ೧೩ ವರ್ಷದ ಜಾಕರಿ ಲಿಸ್ಟೆಡ್ ಪೆಟ್ಟುಬಿದ್ದ ಅನಂತರ ಅದೇ ಪಂದ್ಯಕ್ಕೆ ಮರಳಿ ಆಡಿ, ಕುಸಿದುಬಿದ್ದು, ಬಹುಕಾಲದ ಅಂಗವೈಕಲ್ಯಕ್ಕೆ ಗುರಿಯಾದನು. ೨೦೦೯ರಲ್ಲಿ ಆತನ ಹೆಸರಿನಲ್ಲೇ ಬಂದ ಕಾನೂನು, ಅರ್ಹ ವೈದ್ಯಕೀಯ ವೃತ್ತಿಯವರ ಲಿಖಿತ ಅನುಮತಿಯಿಲ್ಲದೆ ಬಾಲಕ್ರೀಡಾಪಟುವನ್ನು ಆಟಕ್ಕೆ ಮರಳಿಸಕೂಡದೆಂದು ವಿಧಿಸಿತು.

ನಮ್ಮ ಕಾಲೇಜುಗಳ ಮೈದಾನಗಳಲ್ಲಿ ಎಷ್ಟೋ ವೇಳೆ ವೈದ್ಯರಿರುವುದಿಲ್ಲ, ವ್ಯಾಯಾಮ ಅಧ್ಯಾಪಕರೊಬ್ಬರಿರುತ್ತಾರೆ. ವೈದ್ಯರಲ್ಲದವರಿಗಾಗಿ ರಚಿಸಿದ ಸಿಆರ್‌ಟಿ-೬ ಎಂಬ ಚಿಕ್ಕ ಪತ್ರ ಅವರಿಗೆ ಉಪಯುಕ್ತವಾದುದು. ಸಂದೇಹವಿದ್ದರೆ ಆಟದಿಂದ ಹೊರಗಿರಿಸಿರಿ ಎಂಬುದು ಅದರ ಸಾರ. ಆದರೆ ಅದು ಗುರುತಿಸಲಷ್ಟೇ ಅಧಿಕಾರ ಕೊಡುತ್ತದೆ, ಗುಣವಾಯಿತೆಂದು ಹೇಳಲು ಕೊಡುವುದಿಲ್ಲ. ವಿದ್ಯಾರ್ಥಿ ಪಾಠಕ್ಕೆ ಪೂರ್ಣವಾಗಿ ಮರಳಿದ ಮೇಲೆಯೇ ಆಟಕ್ಕೆ ಪೂರ್ಣವಾಗಿ ಮರಳಬೇಕೆಂದು ಆಮ್‌ಸ್ಟರ್‌ಡಾಂ ಪತ್ರ ಹೇಳುತ್ತದೆ. ಈ ಮಾತಿನ ಫಲಿತಾರ್ಥವನ್ನು ಪತ್ರ ಪೂರ್ಣವಾಗಿ ಬಿಡಿಸಿಲ್ಲವೆಂಬುದೇ ನಮ್ಮ ಮುಖ್ಯ ಆಕ್ಷೇಪಣೆ. ಅಧ್ಯಾಪಕರನ್ನು ಅದು ರಿಯಾಯಿತಿ ಕೊಡತಕ್ಕವರೆಂದು ಎಣಿಸುತ್ತದೆಯೇ ಹೊರತು ಸಾಕ್ಷಿಗಳೆಂದು ಎಣಿಸುವುದಿಲ್ಲ. ಪುಟವೊಂದನ್ನು ಓದಲಾರದೆ ಹಣೆ ಹಿಡಿದುಕೊಳ್ಳುವ, ನಿನ್ನೆ ಬರೆದ ಟಿಪ್ಪಣಿಯನ್ನು ಇಂದು ಗುರುತಿಸಲಾರದ ವಿದ್ಯಾರ್ಥಿಯನ್ನು ಮೊದಲು ಕಾಣುವವರು ತರಗತಿಯ ಅಧ್ಯಾಪಕರು. ಅವರಿಗೆ ಪಂದ್ಯದ ಫಲದಲ್ಲಿ ಪಾಲಿಲ್ಲ. ಕ್ರೀಡಾಪಟುವಿನ ಮಾತು, ಪರೀಕ್ಷೆಯ ಅಂಕ, ಕಾಲದ ತೀರ್ಪು ಈ ಮೂರರೊಡನೆ ಆ ನಾಲ್ಕನೆಯ ಸಾಕ್ಷ್ಯವೂ ಬರಹದಲ್ಲಿ ವೈದ್ಯರ ಮುಂದೆ ಬರತಕ್ಕದ್ದು. ಅದಕ್ಕೆ ಯಂತ್ರವಾಗಲಿ ಹಣವಾಗಲಿ ಬೇಕಿಲ್ಲ. ಅಧ್ಯಾಪಕರು ಕಂಡುದನ್ನು ಕಂಡಂತೆ ಬರೆದುಕೊಟ್ಟರೆ ಸಾಕು.