ಏನು ಕಾರಿತು ಅಲ್ಲ, ಹೆಂಗ ಕಾರಿತು

"ನಮ್ಮ ನಾಯಿ ಮುಂಜಾನಿಂದ ಕಾರಾಕತ್ತೈತ್ರಿ." ಬೆಲ್ಲದ ಬಾಗೇವಾಡಿ, ಹುಕ್ಕೇರಿ ಕಡೆ ನಾಯಿ ಸಾಕಿದವರು ಹೀಗೆ ಮಾತು ಶುರು ಮಾಡಿ, ಕಾರಿದ್ದರ ಬಣ್ಣವನ್ನೂ ಬಿಡದೆ ವರ್ಣಿಸುತ್ತಾರೆ. ಹೆಂಗ ಕಾರಿತು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ರೋಗದ ಮೊದಲ ಸುಳಿವು ಇರುವುದೇ ಅಲ್ಲಿ.

ಹೊಟ್ಟೆ ಅಲುಗದೆ, ತಲೆ ಬಗ್ಗಿಸಿದ ಕೂಡಲೇ ನುಂಗಿದ ರೊಟ್ಟಿ ಹಾಗೇ ಹೊರಬಿತ್ತೇ? ಅದು ಜಠರ ಮುಟ್ಟಿಯೇ ಇಲ್ಲ; ತೊಂದರೆ ಅನ್ನನಾಳದ್ದು, ಇಲ್ಲವೇ ಗಬಗಬ ತಿಂದದ್ದರದು. ಪಕ್ಕೆ ಹಿಂಡಿ, ಜೊಲ್ಲು ಸುರಿಸಿ ಬಂದರೆ ನಿಜವಾದ ವಾಂತಿ. ನಸುಕಿನಲ್ಲಿ ಒಮ್ಮೆ ಹಳದಿ ಪಿತ್ತ ಬಂದು ನಾಯಿ ಮತ್ತೆ ಬಾಲ ಅಲ್ಲಾಡಿಸುತ್ತಿದ್ದರೆ ಹೆಚ್ಚಾಗಿ ರಾತ್ರಿಯ ಖಾಲಿ ಹೊಟ್ಟೆಯೇ ಕಾರಣ. ಹುಲ್ಲು ತಿಂದದ್ದಕ್ಕೆ ಗಾಬರಿ ಬೇಡ. ಹುಲ್ಲು ಮೇಯುವ ಬಹುಪಾಲು ನಾಯಿಗಳು ಕಾರುವುದೇ ಇಲ್ಲ.

ನನಗೆ ನಿಜವಾಗಿ ಹೆದರಿಕೆ ಆಗುವುದು ಏನೂ ಕಾರದ ನಾಯಿಯನ್ನು ಕಂಡಾಗ. ಮತ್ತೆ ಮತ್ತೆ ಓಕರಿಸುತ್ತದೆ, ಬರೀ ನೊರೆ ಬರುತ್ತದೆ. ಹೊಟ್ಟೆ ನಗಾರಿಯಂತೆ ಬಿಗಿದಿರುತ್ತದೆ, ನಿಂತಲ್ಲಿ ನಿಲ್ಲಲಾರದು. ಜಠರ ಗಾಳಿ ತುಂಬಿ ಉಬ್ಬಿ, ತಿರುಚಿಕೊಂಡು, ರಕ್ತದ ದಾರಿ ಕಟ್ಟಿಕೊಂಡಿರುವ ಸ್ಥಿತಿ ಇದು. ಎದೆಗೂಡು ಆಳವಾಗಿರುವ ತಳಿಗಳಿಗೆ ಇದರ ಅಪಾಯ ಹೆಚ್ಚು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿಯ ಎದೆಯೂ ಆಳವೇ. ಓಟಕ್ಕೆ ಒದಗುವ ಆ ಮೈಕಟ್ಟನ್ನು ಮೆಚ್ಚುವವರು ಈ ಲಕ್ಷಣವನ್ನೂ ತಿಳಿದಿರಬೇಕು. ದಿನದ ಊಟವನ್ನು ಎರಡು ಪಾಲು ಮಾಡಿ. ಉಂಡ ಕೂಡಲೇ ಓಡಿಸಬೇಡಿ. ಉಬ್ಬಿದ ಮೇಲೆ ಓಮಿನ ನೀರು, ಸೋಡಾ ಎಂದು ಹೊತ್ತು ಕಳೆಯಬೇಡಿ. ಶಸ್ತ್ರಚಿಕಿತ್ಸೆ ಸಿಗುವ ಊರಿಗೆ ಆಗಲೇ ಗಾಡಿ ಹೊರಡಬೇಕು. ಇಲ್ಲಿ ಎಣಿಕೆ ಗಂಟೆಗಳದು.

ಕಬ್ಬಿನ ಹೊಲದ ಕಥೆ ಬೇರೆ. ಇಲಿಗೆ ಇಟ್ಟ ಜಿಂಕ್ ಫಾಸ್ಫೈಡ್ ನಾಯಿಯ ಹೊಟ್ಟೆಯ ಆಮ್ಲಕ್ಕೆ ತಾಗಿದರೆ ಫಾಸ್ಫಿನ್ ಎಂಬ ವಿಷಾನಿಲ ಏಳುತ್ತದೆ. ಕಾರಿದ್ದು ಬೆಳ್ಳುಳ್ಳಿಯಂತೆಯೋ ಕೊಳೆತ ಮೀನಿನಂತೆಯೋ ನಾರಬಹುದು. ಮೂಗು ಹತ್ತಿರ ಒಯ್ಯಬೇಡಿ, ಆ ಅನಿಲ ಮನುಷ್ಯರಿಗೂ ವಿಷ. ಜೊಲ್ಲು ಹರಿದು ಮೈ ನಡುಗಿದರೆ ಕೀಟನಾಶಕದ ಅನುಮಾನ. ಎರಡರಲ್ಲೂ ಉಪ್ಪು ನೀರು ಕುಡಿಸಿ ಕಾರಿಸುವ ಹಳೇ ರೂಢಿ ಬಿಡಿ, ಉಪ್ಪೇ ನಾಯಿಯನ್ನು ಕೊಲ್ಲಬಲ್ಲದು. ಆ ವಿಷದ ಪೊಟ್ಟಣದ ಚೀಟಿ ಹಿಡಿದು ದನದ ದವಾಖಾನೆಗೆ ಹೋಗಿ.

ಲಸಿಕೆ ಕಾಣದ ಮರಿ ಕಾರುತ್ತ, ನಾರುವ ರಕ್ತಭೇದಿ ಮಾಡಿದರೆ ಮೊದಲು ನೆನಪಾಗಬೇಕಾದದ್ದು ಪಾರ್ವೊ. 1978ರ ಹೊತ್ತಿಗೆ ಜಗತ್ತಿನ ತುಂಬ ಹಬ್ಬಿದ ಈ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಅದೇ ಜಾಗಕ್ಕೆ ಬೇಗ ಇನ್ನೊಂದು ಮರಿ ತರಬೇಡಿ.

ಕಡೆಗೆ, ಗಂಟಲಲ್ಲಿ ಎಲುಬು ಸಿಕ್ಕಂತೆ ಬಾಯಿ ತೆರೆದು ಒದ್ದಾಡುವ ನಾಯಿ. ಎಲುಬೇ ಇರಬಹುದು; ಕೆಮ್ಮು ಇರಬಹುದು; ಹುಚ್ಚುನಾಯಿ ರೋಗವೂ ಹೀಗೇ ಕಾಣುತ್ತದೆ. ಬಾಯಿಗೆ ಕೈ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ.